ಅಮ್ಮನ ಕೈ ನೋಡಿ ರಿವರ್ಸ್

ನಮ್ಮಪ್ಪ ನೆವಿಲ್ ಪಾಸ್ಕೋ ಮನೆ ಸಾಮಾನು ಸಾಗಿಸುವ ಲಾರಿ ಓಡಿಸುತ್ತಲೇ ಮುದುಕನಾದವನು. ನಮ್ಮೂರು ಕ್ವೀನ್‌ಬಿಯನ್‌ನಲ್ಲಿ ಅವನು ಲಾರಿ ನುಗ್ಗಿಸದ ಓಣಿಯಿಲ್ಲ. ಪಿಯಾನೋ, ಬೀರು, ಸತ್ತವರ ಮಂಚ, ಮದುವೆ ಮುರಿದವರ ಅರ್ಧ ಸೋಫಾ ಸೆಟ್ಟು, ಎಲ್ಲವನ್ನೂ ಹೇರಿಕೊಂಡು ಬಂದು, ಬರೀ ಎರಡು ಕನ್ನಡಿ ನೋಡಿ, ಬಾಗಿಲ ಮೆಟ್ಟಿಲಿಗೆ ಲಾರಿಯ ಬೆನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲಿಸುತ್ತಿದ್ದ. ಯಾರಾದರೂ ಕೆಳಗೆ ನಿಂತು "ಬಾ, ಬಾ" ಎಂದು ಕೈ ಬೀಸಿದರೆ ಅವನಿಗೆ ಮೈಯೆಲ್ಲ ಉರಿ. "ಕೈ ಜೇಬಲ್ಲಿಟ್ಕೋ ಮಾರಾಯ, ನೊಣ ಓಡಿಸ್ತಿದೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಇಂಥ ಮನುಷ್ಯ ರಜೆಗೆಂದು ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಟ್ಟಿ ಎಳೆಯುವಾಗ ಮಾತ್ರ ನಮ್ಮಮ್ಮನ ಕೈ ನೋಡದೆ ಒಂದು ಗೇಣೂ ಹಿಂದೆ ಬರುವುದಿಲ್ಲ. ಅದಕ್ಕೊಂದು ಕಥೆಯಿದೆ, ನಾನು ಹುಟ್ಟುವ ಮೊದಲಿನದು. ಮದುವೆಯಾದ ಹೊಸತರಲ್ಲಿ ಇಬ್ಬರೂ ಮೊದಲ ಸಲ ಕ್ಯಾರವಾನ್ ಕಟ್ಟಿಕೊಂಡು ಕಡಲ ಕಡೆಗೆ ಹೋಗಿದ್ದರಂತೆ. ಅಮ್ಮ ವ್ಯಾಲ್ಡಾ ಇಳಿದು ಹಿಂದೆ ನಿಂತು, ಎರಡೂ ಕೈಯೆತ್ತಿ ದಾರಿ ತೋರಿಸಿದ್ದಾಳೆ. ಅಪ್ಪ ಆ ಕಡೆ ಕಣ್ಣೆತ್ತಿಯೂ ನೋಡದೆ, ಕನ್ನಡಿ ನೋಡಿಕೊಂಡು, ಒಂದೇ ಏಟಿಗೆ ಗಾಡಿ ಒಳಗಿಟ್ಟಿದ್ದಾನೆ. ಕೆಳಗಿಳಿದು ನೋಡಿದರೆ ಹೆಂಡತಿ ಇಲ್ಲ. "ನನ್ನ ಕೈ ನೋಡೋದಿಲ್ಲ ಅಂದ್ರೆ ನನ್ನ ಯಾಕೆ ಕರ್ಕೊಂಡ್ ಬಂದೆ?" ಎಂದು ಅವಳು ಕೇಳಿದ್ದು ಕತ್ತಲಾದ ಮೇಲೆ, ವಾಪಸು ಬಂದಾಗ. ಅವತ್ತಿನಿಂದ ಇವತ್ತಿನವರೆಗೆ ಅಪ್ಪನಿಗೆ ಅವಳು ಎಡ ಅಂದರೆ ಎಡ, ಬಲ ಅಂದರೆ ಬಲ.

ನಮ್ಮ ಕಡೆ ಗಂಡ ಹೆಂಡಿರ ಬಾಳು ಎಷ್ಟು ಗಟ್ಟಿ ಎಂದು ನೋಡಲು ಚರ್ಚಿಗೆ ಹೋಗಬೇಕಾಗಿಲ್ಲ, ರಜೆಯ ಸಂಜೆ ಕ್ಯಾರವಾನ್ ಪಾರ್ಕಿನ ಬಾಗಿಲಲ್ಲಿ ನಿಂತರೆ ಸಾಕು. ಹೊಸ ಗಾಡಿ ಬಂತೆಂದರೆ ಇದ್ದಬದ್ದವರೆಲ್ಲ ಮಡಚುವ ಕುರ್ಚಿ ಎಳೆದುಕೊಂಡು, ಬಿಯರ್ ಬಿಚ್ಚಿಕೊಂಡು ಸಾಲಾಗಿ ಕೂತುಬಿಡುತ್ತಾರೆ. ಗಂಡ ಬೆವರುತ್ತಾನೆ, ಹೆಂಡತಿ ಕಿರುಚುತ್ತಾಳೆ, ಗಾಡಿ ನಲ್ಲಿಗೆ ಗುದ್ದುತ್ತದೆ, ಇವರು ಚಪ್ಪಾಳೆ ತಟ್ಟುತ್ತಾರೆ. ನನ್ನ ಮದುವೆ ಅರ್ಧ ಮುರಿದದ್ದು ಅಂಥ ಒಂದು ಸಂಜೆಯೇ. ಆದರೆ ಅಪ್ಪ ಅಮ್ಮನ ಗಾಡಿ ಬಂದರೆ ಆ ಸಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ಅಮ್ಮ ಬೆರಳು ತಿರುಗಿಸಿದರೆ ಚಕ್ರ ತಿರುಗುತ್ತಿತ್ತು. "ನೋಡಿ ಕಲೀರಿ" ಎಂದು ಹೆಂಗಸರು ಗಂಡಂದಿರಿಗೆ ಹೇಳುತ್ತಿದ್ದರು.

ಪ್ರತಿ ಅಕ್ಟೋಬರಿನಲ್ಲಿ ಸೋಮವಾರದ ರಜೆಯೂ ಕೂಡಿದ ಉದ್ದ ವಾರಾಂತ್ಯಕ್ಕೆ ಅವರು ಹೋಗುವುದು ಕಾರ್ಕ್‌ವುಡ್ ಕೊಲ್ಲಿಯ ಪಾರ್ಕಿಗೆ, ಅದೂ ಅದೇ ಜಾಗಕ್ಕೆ: ಮೊದಲ ಸಾಲು, ದೊಡ್ಡ ಪೈನ್ ಮರದ ಬುಡ, ಬಾಗಿಲು ತೆಗೆದರೆ ಎದುರಿಗೆ ಸಮುದ್ರ. ಇಂಥ ಜಾಗ ಒಮ್ಮೆ ಹಿಡಿದವರು ಬಿಡುವುದಿಲ್ಲ, ತಂದೆ ಸತ್ತರೆ ಮಕ್ಕಳಿಗೆ ಬರುತ್ತದೆ. ಬಿಟ್ಟರೆ ಹಿಡಿಯಲು ಹಿಂದೆ ದೊಡ್ಡ ಸಾಲೇ ಕಾದಿರುತ್ತದೆ. ಹಳೆಯ ಮ್ಯಾನೇಜರ್ ಇದ್ದಾಗ ಎಷ್ಟು ಹೊತ್ತಿಗೆ ಹೋದರೂ ನಡೆಯುತ್ತಿತ್ತು. ಈ ವರ್ಷ ಹೊಸದಾಗಿ ಬಂದ ಬ್ರೋನ್ವಿನ್ ಎಲ್ಲ ಖಾಯಂ ಗಿರಾಕಿಗಳಿಗೂ ಖಡಾಖಂಡಿತ ತಿಳಿಸಿದ್ದಳು: ಶನಿವಾರ ಸಂಜೆ ಐದರೊಳಗೆ ಗಾಡಿ ಒಳಗಿರಬೇಕು, ಇಲ್ಲವಾದರೆ ಜಾಗ ಕಾದವರಿಗೆ, ಮುಂದಕ್ಕೂ ಅವರಿಗೇ.

"ಮುಂದಿನ ವರ್ಷದ ಮಾತು ಬಿಡು, ಟ್ರೂಡಿ" ಎಂದು ನನಗೆ ಹೇಳಿದ್ದಳು ಅಮ್ಮ. "ಈ ವರ್ಷ ಒಂದ್ಸಲ ಆ ಬಾಗ್ಲಲ್ಲಿ ಕೂತ್ಕೋಬೇಕು. ಅಷ್ಟೇ ನಂಗೆ."

ಅವಳು ಹಾಗಂದದ್ದು ಕಣ್ಣಿನ ಡಾಕ್ಟರ ಬಾಗಿಲ ಹೊರಗಿನ ಬೆಂಚಿನ ಮೇಲೆ. ಜುಲೈನ ಚಳಿಗಾಲದಲ್ಲಿ ನಾನೇ ಅವಳನ್ನು ಕರೆದುಕೊಂಡು ಹೋಗಿದ್ದೆ. ಎರಡೂ ಕಣ್ಣಿನ ನಡುಭಾಗದ ನೋಟ ಹೊರಟುಹೋಗಿದೆ, ಅಂಚಿನಲ್ಲಿ ಬೆಳಕು, ನೆರಳು, ಬಣ್ಣ ಇಷ್ಟೇ ಉಳಿದಿದೆ, ಅದೂ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಅಳಲಿಲ್ಲ. ನನ್ನ ಮುಂಗೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಳು. "ನಿಮ್ಮಪ್ಪಂಗೆ ಹೇಳಿದ್ಯೋ, ನೋಡು ಮತ್ತೆ. ಗೊತ್ತಾದ್ರೆ ಮಾರನೇ ದಿನ ಕ್ಯಾರವಾನ್ ಮಾರಿ ಬರ್ತಾನೆ."

ಅಲ್ಲಿಂದ ನನಗೆ ಶುರುವಾಯಿತು ಬಿಸಿ ತುಪ್ಪದ ಪಾಡು. ಉಗುಳುವಂತಿಲ್ಲ, ನುಂಗುವಂತಿಲ್ಲ. ಐವತ್ತು ದಾಟಿದ ನಾನು, ಹಲ್ಲಿನ ಡಾಕ್ಟರ ಆಫೀಸಿನಲ್ಲಿ ವರ್ಷವಿಡೀ ಫೋನು ಎತ್ತಿ ಸುಸ್ತಾದವಳು, ನನ್ನ ಉದ್ದ ವಾರಾಂತ್ಯವನ್ನು ಹಾಸಿಗೆಯಲ್ಲಿ ಉರುಳಾಡಿ ಕಳೆಯುವುದು ಬಿಟ್ಟು, ಇವರ ಕಾರಿನ ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆಯ ಪಕ್ಕ ಮುದುರಿಕೊಂಡು ಹೊರಟೆ. ಎಳೆಯುವ ಗಾಡಿ ನನಗೆ ಓಡಿಸಲು ಬರುವುದಿಲ್ಲ. ಆದರೂ ಒಬ್ಬಳಾದರೂ ಕಣ್ಣಿದ್ದವಳು ಅಮ್ಮನ ಜೊತೆ ಇರಲಿ ಎಂದುಕೊಂಡೆ.

"ಬೆಳಗಾಗೋದ್ರೊಳಗೆ ಹೊರಡೋಣ ಅಪ್ಪ, ಐದು ಗಂಟೆ ಗಡುವಿದೆ" ಎಂದು ನಾನು ವಾರದಿಂದ ಬಡಿದುಕೊಂಡಿದ್ದೆ. ಅಪ್ಪನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊಂಡಿ ನೋಡಿದ, ಸರಪಳಿ ನೋಡಿದ, ಚಕ್ರದ ಗಾಳಿ ನೋಡಿದ, ಗ್ಯಾಸ್ ನೋಡಿದ. ಎಲ್ಲ ಮುಗಿಯಿತು ಎನ್ನುವಾಗ ಅಂಗಳದ ಮರದಿಂದ ಮ್ಯಾಗ್‌ಪೈ ಹಕ್ಕಿ ಇಳಿದು ಅವನ ಬೋಳು ತಲೆಗೆ ಕುಕ್ಕಿತು. ಮೊಟ್ಟೆ ಇಡುವ ಕಾಲದಲ್ಲಿ ಅದು ವರ್ಷಾ ವರ್ಷಾ ಕುಕ್ಕುತ್ತದೆ, ಇವನು ವರ್ಷಾ ವರ್ಷಾ ಟೋಪಿ ಮರೆಯುತ್ತಾನೆ. ಔಷಧಿ ಹಚ್ಚಿಸಿಕೊಂಡು, ಟೋಪಿ ಹಾಕಿಕೊಂಡು ಮತ್ತೆ ಮೊದಲಿಂದ ಕೊಂಡಿ ನೋಡಿದ. ಹೊರಟಾಗ ಬಿಸಿಲು ನೆತ್ತಿಗೇರುವುದರಲ್ಲಿತ್ತು, ಇಡೀ ಊರೇ ರಸ್ತೆಯಲ್ಲಿತ್ತು.

ದಾರಿಯಲ್ಲಿ ಬ್ರೇಡ್‌ವುಡ್ ಊರಿನಲ್ಲಿ ನಿಂತು ಮಾಂಸ ತುಂಬಿದ ಪೈ ತಿನ್ನಲೇಬೇಕು. ಬೇಕರಿ ಮುಂದಿನ ಸಾಲು ಬೀದಿಯ ತಿರುವು ದಾಟಿತ್ತು. "ಬ್ಯಾಗಲ್ಲಿ ಸ್ಯಾಂಡ್‌ವಿಚ್ ಇದೆ" ಎಂದೆ. "ಸ್ಯಾಂಡ್‌ವಿಚ್ ತಿನ್ನೋಕೆ ಬ್ರೇಡ್‌ವುಡ್‌ಗೆ ಬರ್ಬೇಕಾ?" ಎಂದು ಅಪ್ಪ ಸಾಲಿಗೆ ಹೋಗಿ ನಿಂತ. ಪೈ ಬರುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಮುಗಿದಿತ್ತು. ಅಮ್ಮ ಟೊಮೆಟೊ ಸಾಸನ್ನು ಪೈ ಮೇಲೆ ಹಿಂಡುತ್ತೇನೆಂದು ನೇರ ತನ್ನ ಬಿಳಿ ಪ್ಯಾಂಟಿನ ಮೇಲೆ ಹಿಂಡಿಕೊಂಡಳು. ಅಪ್ಪ ಆ ಕಡೆ ತಿರುಗದೆ, ತನ್ನ ಕರವಸ್ತ್ರ ತೆಗೆದು ಅವಳ ತೊಡೆಯ ಮೇಲಿಟ್ಟು, "ಈ ಬಾಟ್ಲಿ ಮುಚ್ಚಳ ಯಾವಾಗ್ಲೂ ಸೊಟ್ಟ" ಎಂದ. ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಅವನಿಗೆ ಗೊತ್ತಾಗಲಿಲ್ಲ ಎಂದೇ ನಂಬಿದೆ.

ಕ್ಲೈಡ್ ಬೆಟ್ಟ ಇಳಿಯುವಾಗ ನಮ್ಮ ಹಿಂದೆ ಬಾಲದ ಹಾಗೆ ಕಾರುಗಳ ಸಾಲು. ಎಲ್ಲರೂ ಹಾರ್ನ್ ಬಾರಿಸುವವರೇ. ದಾರಿ ಬಿಡುವ ಜಾಗ ಬಂದಾಗ ನಿಂತು, ಎಲ್ಲರನ್ನೂ ಮುಂದೆ ಬಿಟ್ಟು, ಮತ್ತೆ ನಿಧಾನ ಹೊರಡುವುದು.

"ಸ್ವಲ್ಪ ಜೋರಾಗಿ ಹೋಗಬಾರದಾ ಅಪ್ಪ?"

"ರಜೆ ದಿನ. ತಪ್ಪು ಮಾಡಿದ್ರೆ ಲೈಸೆನ್ಸಿಂದ ಎರಡರಷ್ಟು ಪಾಯಿಂಟ್ ಕೀಳ್ತಾರೆ. ನೀನು ಕೊಡ್ತೀಯಾ ನಿಂದು?"

"ಜಾಗ ಹೋದ್ರೆ?"

"ಬಿಡ್ತು ಅನ್ನು" ಎಂದಳು ಅಮ್ಮ ಮುಂದಿನ ಸೀಟಿನಿಂದ. ಅವಳ ಮುಖ ಕಿಟಕಿಗೆ ಅಂಟಿತ್ತು. ಏನು ಕಾಣುತ್ತಿತ್ತೋ. "ಸಮುದ್ರದ ವಾಸನೆ ಬಂತು" ಎಂದಳು. ಸಮುದ್ರ ಇನ್ನೂ ದೂರವಿತ್ತು.

ಬೇಟ್‌ಮನ್ಸ್ ಬೇ ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದಾಗ, ಅಷ್ಟೆಲ್ಲ ತಡವಾದರೂ, ಹೊತ್ತು ಸಾಕಷ್ಟಿತ್ತು. ಇಲ್ಲಿಂದ ಮುಂದೆ ದಾರಿ ಹೇಳುವುದು ಅಮ್ಮನ ಕೆಲಸ. ಫೋನಿನ ನಕ್ಷೆ ತೆಗೆದರೆ ಅಪ್ಪನಿಗೆ ಸಿಟ್ಟು. "ಕಾರಲ್ಲಿ ಒಬ್ಬಳು ದಾರಿ ಹೇಳೋಳು ಸಾಕು" ಎನ್ನುತ್ತಾನೆ. ಅಮ್ಮನಿಗೆ ದಾರಿ ಬಾಯಿಪಾಠ: ಮರದ ಮಿಲ್ಲು, ಚಿಕ್ಕ ಸೇತುವೆ, ಆಮೇಲೆ ರಸ್ತೆ ಬದಿಯ ಹಳದಿ ಬಸ್ ತಂಗುದಾಣ, ಅಲ್ಲಿ ಎಡಕ್ಕೆ.

ಮಿಲ್ಲು ದಾಟಿತು. ಸೇತುವೆ ಇನ್ನೂ ಬಂದಿರಲಿಲ್ಲ. ಯಾರೋ ಮನೆ ಕೆಡವಿದ ಸಾಮಾನು ತುಂಬಲು ರಸ್ತೆ ಬದಿಗೆ ಹಳದಿ ಕಬ್ಬಿಣದ ತೊಟ್ಟಿಯೊಂದನ್ನು ಇಟ್ಟಿದ್ದರು.

"ಅಗೋ ಹಳದಿ" ಎಂದಳು ಅಮ್ಮ. "ಎಡಕ್ಕೆ ತಗೋ ನೆವ್."

"ಅಪ್ಪ, ಇದಲ್ಲ! ಇನ್ನೂ ಮುಂದೆ!"

"ನಿಮ್ಮಮ್ಮ ಎಡಕ್ಕೆ ಅಂದ್ಲು" ಎಂದು ಅಪ್ಪ ತಿರುಗಿಸಿಯೇಬಿಟ್ಟ.

ಹೇಗೆ ಹೇಳಲಿ ನನ್ನ ಸಂಕಟ? ಅದು ಕಾಡಿನ ಮಣ್ಣು ರಸ್ತೆ. ಪಾರ್ಕಿನ ನಿಜವಾದ ತಿರುವನ್ನು ಅಪ್ಪ ನಿದ್ದೆಯಲ್ಲೂ ಗುರುತಿಸಬಲ್ಲ, ಅಷ್ಟು ವರ್ಷ ಓಡಾಡಿದ ದಾರಿ. "ಇದು ಕಾಡು ಅಪ್ಪ" ಎಂದೆ. "ಹೊಸ ರಸ್ತೆ ಮಾಡಿರ್ಬೇಕು" ಎಂದ. "ಮುಂದೆ ಹೋದ್ರೆ ಕೂಡತ್ತೆ" ಎಂದಳು ಅಮ್ಮ, ದನಿಯಲ್ಲಿ ಚೂರೂ ಅನುಮಾನವಿಲ್ಲದೆ. "ಅಮ್ಮನಿಗೆ ಕಾಣುವುದಿಲ್ಲ" ಎಂಬ ಎರಡು ಪದ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಹಲ್ಲು ಕಚ್ಚಿ ಹಿಡಿದೆ. ಎರಡೂ ಬದಿಗೆ ಯೂಕಲಿಪ್ಟಸ್ ಮರಗಳು ಒತ್ತಿಕೊಂಡು ಬಂದವು, ಫೋನಿನ ಸಿಗ್ನಲ್ ಹೋಯಿತು, ಮಳೆ ಹನಿಯತೊಡಗಿತು. ಕೊನೆಗೆ ಬೀಗ ಜಡಿದ ಒಂದು ಕಬ್ಬಿಣದ ಗೇಟಿನ ಮುಂದೆ ರಸ್ತೆ ಮುಗಿಯಿತು.

ತಿರುಗಿಸಲು ಜಾಗವಿಲ್ಲ. ಬಂದ ದಾರಿಯಷ್ಟೂ ಕ್ಯಾರವಾನನ್ನು ಹಿಂದೆ ಹಿಂದೆಯೇ ತೆಗೆಯಬೇಕು.

"ನಾನಿಳೀತೀನಿ" ಎಂದು ಅಮ್ಮ ಬಾಗಿಲ ಹಿಡಿಗೆ ತಡಕಾಡಿದಳು.

"ಕೆಸರಿದೆ. ಕಿಟಕಿಯಿಂದ್ಲೇ ಕೈ ತೋರ್ಸು" ಎಂದ ಅಪ್ಪ.

ಅಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ, ಮಳೆಯಲ್ಲಿ ತೋಯಿಸಿಕೊಂಡು, "ಬಾ, ಇನ್ನೂ ಬಾ" ಎನ್ನುತ್ತ ಹೋದಳು. ಅಪ್ಪ ಕನ್ನಡಿ ನೋಡಿಕೊಂಡು, ತಿರುವಿಗೊಮ್ಮೆ ಒಂದು ಎಳೆ ಸ್ಟೀರಿಂಗ್ ಕೊಟ್ಟು, ಆ ಉದ್ದದ ಗಾಡಿಯನ್ನು ಹಾವಿನ ಬಾಲದ ಹಾಗೆ ಹಿಂದೆ ಜಾರಿಸಿದ. ನಾನು ಬಾಯಿಬಿಟ್ಟು ನೋಡಿದೆ. ಅರ್ಧ ದಾರಿಗೆ ಬಂದಿದ್ದೇವೆ, ಸರ್ಫಿಂಗ್ ಹಲಗೆ ಹೇರಿಕೊಂಡ ಒಂದು ಪಿಕಪ್ ಗಾಡಿ ಹಿಂದಿನಿಂದ ಬಂದು ನಿಂತಿತು. ಓಡಿಸುತ್ತಿದ್ದವನು ಮುಂದೆ ದಾರಿಯಿಲ್ಲ ಎಂದರೂ ನಂಬದ ಎಳೆಯ ಗಂಡಸು.

"ಅಜ್ಜ, ಕೆಳಗಿಳಿ. ನಾನ್ ತೆಗ್ದು ಕೊಡ್ತೀನಿ."

"ನಿನ್ನ ಅಜ್ಜ ಹುಟ್ಟೋಕ್ಮುಂಚೆ ನಾನು ರಿವರ್ಸ್ ತೆಗ್ದಿದೀನಿ. ನೀನು ಮೊದ್ಲು ನಿಂದು ತೆಗಿ!"

ಅವನು ತೆಗೆದ, ತೆಗೆಯುವಾಗ ಚರಂಡಿಗೆ ಇಳಿಸಿದ. ಇನ್ನೇನು, ಅವನೂ ಅಪ್ಪನೂ ನಾನೂ ಸೇರಿ ಅವನ ಗಾಡಿ ಎತ್ತಬೇಕಾಯಿತು. ನಾನು ಮೊಣಕಾಲವರೆಗೆ ಕೆಸರಾಗಿ ಹಿಂದಿನಿಂದ ತಳ್ಳಿದೆ. ಅಪ್ಪ ಹಗ್ಗ ಕಟ್ಟಿದ, ಬಿಚ್ಚಿದ, ಕಟ್ಟಿದ. ಹೆದ್ದಾರಿಗೆ ಬಂದು ಗಡಿಯಾರ ನೋಡಿದೆ. ಅಳು ಬಂತು, ಅಳಲಿಲ್ಲ. ಅಮ್ಮ ಮಾತ್ರ, "ಬಸ್ ತಂಗುದಾಣದ ಜಾಗ ಬದ್ಲಾಯಿಸಿದಾರೆ ಕಣೇ, ಯಾರಿಗೂ ಹೇಳ್ದೆ ಕೇಳ್ದೆ" ಎಂದು ನಗರಸಭೆಯವರನ್ನು ಬೈದಳು.

ಪಾರ್ಕಿಗೆ ಹೋಗುವಷ್ಟರಲ್ಲಿ ಐದು ಯಾವಾಗಲೋ ದಾಟಿತ್ತು. ಮಬ್ಬುಗತ್ತಲು, ಜಿನುಗು ಮಳೆ. ಆಫೀಸಿನ ಕಿಟಕಿಯಿಂದಲೇ ಕಂಡಿತು: ಪೈನ್ ಮರದ ಬುಡದಲ್ಲಿ ಹೊಚ್ಚ ಹೊಸ ದೊಡ್ಡ ಬಿಳಿ ಕ್ಯಾರವಾನ್ ನಿಂತಿತ್ತು, ಮೇಲೆ ಟಿವಿಯ ತಟ್ಟೆ ಬೇರೆ. ಅಮ್ಮ ಕಾರಿನಲ್ಲೇ ಇದ್ದಳು. ನಾನೂ ಅಪ್ಪನೂ ಒಳಗೆ ಹೋದೆವು.

"ಐದು ಗಂಟೆ ಅಂತ ತಿಳ್ಸಿದ್ದೆ, ನೆವಿಲ್" ಎಂದಳು ಬ್ರೋನ್ವಿನ್. ಒರಟು ಹೆಂಗಸೇನಲ್ಲ, ಪಾಪ. "ಅವ್ರು ಮಧ್ಯಾಹ್ನದಿಂದ ಗೇಟ್ ಹೊರಗೆ ಕಾರಲ್ಲಿ ಕೂತಿದ್ರು. ಐದಾದ ಮೇಲೂ ಒಂಚೂರು ಕಾದೆ. ನೀವು ಒಂದು ಫೋನಾದ್ರೂ ಮಾಡಬಾರದಿತ್ತಾ?"

"ಕಾಡಲ್ಲಿ ಸಿಗ್ನಲ್ ಇರ್ಲಿಲ್ಲ."

"ಹೆದ್ದಾರಿ ಬಿಟ್ಟು ಕಾಡಿಗೆ ಯಾಕೆ ಹೋದ್ರಿ?"

ಅಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಮ್ಯಾಗ್‌ಪೈ ಕುಕ್ಕಿದ ಕಡೆ ರಕ್ತ ಹೆಪ್ಪುಗಟ್ಟಿತ್ತು. ಮುಂದಕ್ಕೆ ಬಾಗಿ, ನಾನು ಹುಟ್ಟಿದಾಗಿನಿಂದ ಕೇಳದ ಒಂದು ಸಣ್ಣ ದನಿಯಲ್ಲಿ ಹೇಳಿದ: "ನೋಡಮ್ಮ, ನನ್ನ ಹೆಂಡ್ತಿಗೆ ಕಣ್ಣು ಕಾಣಲ್ಲ. ನಂಗೆ ಗೊತ್ತು ಅಂತ ಅವಳಿಗೆ ಗೊತ್ತಿಲ್ಲ. ಎಲ್ಲಾದ್ರೂ ಒಂದು ಜಾಗ ಕೊಡು. ಅವಳ ಮುಂದೆ ಮಾತ್ರ ಆ ಜಾಗ ಹೋಯ್ತು ಅನ್ನಬೇಡ."

ನನಗೆ ಮೊದಲು ಬಂದದ್ದು ಕನಿಕರವಲ್ಲ, ಕೋಪ. ತಿಂಗಳುಗಟ್ಟಲೆ ನಾನು ನುಂಗಿಕೊಂಡು ತಿರುಗಿದ ಬಿಸಿ ತುಪ್ಪ ಇವನ ಬಾಯಲ್ಲೂ ಇತ್ತಲ್ಲ! ಅವನನ್ನು ತೋಳು ಹಿಡಿದು ಮೂಲೆಗೆ ಎಳೆದೆ.

"ಗೊತ್ತಿದ್ದೂ ಎಡಕ್ಕೆ ತಿರುಗಿಸಿದ್ಯಾ?"

"ಅವಳು ಎಡಕ್ಕೆ ಅಂದ್ಲು."

"ಅವಳಿಗೆ ಕಾಣಲ್ಲ, ಅಪ್ಪ!"

"ಅದಕ್ಕೇ" ಎಂದ.

ಉಳಿದದ್ದು ಒಂದೇ ಜಾಗ. ಎಲ್ಲಕ್ಕಿಂತ ಹಿಂದೆ, ಶೌಚಾಲಯ ಮತ್ತು ಕಸದ ಡಬ್ಬಿಗಳ ನಡುವೆ, ಯಾರೂ ಕೇಳದ ಜಾಗ. ಅಪ್ಪ ಕಾರಿಗೆ ಬಂದು, "ಸಿಕ್ತು ವ್ಯಾಲ್, ನಮ್ಮ ಜಾಗ ಹಾಗೇ ಇಟ್ಟಿದಾಳೆ" ಎಂದ. ಅಮ್ಮ ಎರಡೂ ಅಂಗೈ ಒತ್ತಿಕೊಂಡಳು. "ನಾನು ಹೇಳ್ಲಿಲ್ವಾ" ಎಂದಳು.

ಗಾಡಿ ಬಂದದ್ದು ನೋಡಿ ಕುರ್ಚಿಗಳು ಹೊರಬಂದವು. ಮಳೆಗೆ ಹೆದರುವ ಜನವಲ್ಲ ನಮ್ಮವರು. ಅಮ್ಮ ಇಳಿದು, ಕ್ಯಾರವಾನಿನ ಮೈ ಸವರಿಕೊಂಡು ಹಿಂದಕ್ಕೆ ಹೋದಳು. "ಅವಳ ಪಕ್ಕ ನಿಂತ್ಕೋ" ಎಂದು ಅಪ್ಪ ನನಗೆ ಪಿಸುಗುಟ್ಟಿದ, "ಬಾಯಿ ಮುಚ್ಕೊಂಡು."

ಅಮ್ಮ ಕೈಯೆತ್ತಿದಳು. ಅವಳ ಕೈಗೆ ಹಳೆಯ ಜಾಗ ಬಾಯಿಪಾಠ. ಪೈನ್ ಮರದ ಬೇರು ತಪ್ಪಿಸಲು ದೊಡ್ಡದಾಗಿ ಬಲಕ್ಕೆ, ಆಮೇಲೆ ನಲ್ಲಿ ತಪ್ಪಿಸಲು ಗಕ್ಕನೆ ಎಡಕ್ಕೆ. ಇಲ್ಲಿ ಮರವೂ ಇಲ್ಲ, ನಲ್ಲಿಯೂ ಇಲ್ಲ. ಅಪ್ಪ ಇಲ್ಲದ ಮರವನ್ನು ಬಳಸಿ, ಇಲ್ಲದ ನಲ್ಲಿಯನ್ನು ತಪ್ಪಿಸಿ, ಕುಡಿದವನ ಹಾಗೆ ವಾಲಾಡುತ್ತ ಹಿಂದೆ ಬಂದ. ಕುರ್ಚಿ ಸಾಲಿನಲ್ಲಿ ಗುಸುಗುಸು ಎದ್ದಿತು. "ಬಾ, ಇನ್ನೂ ಬಾ, ನೆವ್" ಎಂದಳು ಅಮ್ಮ ನಗುನಗುತ್ತ. ನಾನು ಅವಳ ಸೊಂಟ ಹಿಡಿದು ಪಕ್ಕಕ್ಕೆ ಸರಿಸಿದೆ. ಗಾಡಿ ನೇರ ಹೋಗಿ ಬಾಟಲಿ ಡಬ್ಬಿಗೆ ಗುದ್ದಿತು. ಡಬ್ಬಿ ಉರುಳಿ, ಖಾಲಿ ಸೀಸೆಗಳೆಲ್ಲ ಗಡಗಡ ಎಂದು ಇಳಿಜಾರಿಗೆ ಓಡಿದವು.

"ವಯಸ್ಸಾಯ್ತಲ್ಲೋ ನೆವ್!" ಎಂದು ಯಾರೋ ಕೂಗಿದರು. "ಕನ್ನಡಕ ಕೊಡ್ಲಾ?" ಎಂದು ಇನ್ನೊಬ್ಬ. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು.

ಪಿಯಾನೋ ಇಳಿಸಿದವನು, ಈಗಷ್ಟೇ ಕಾಡಿನ ದಾರಿಯುದ್ದಕ್ಕೂ ಹಿಂದೆ ಹಿಂದೆ ಬಂದವನು, ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಕಿವಿಯ ತುದಿಯವರೆಗೆ ಕೆಂಪಾಗಿದ್ದ. ಇಳಿದು ಬಂದು, "ನಂದೇ ತಪ್ಪು. ಕನ್ನಡಿ ಮಂಜಾಗಿತ್ತು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಬಗ್ಗಿ ಸೀಸೆ ಆರಿಸತೊಡಗಿದ. ನನಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಎರಡೂ ಮಾಡದೆ ನಾನೂ ಸೀಸೆ ಆರಿಸಿದೆ.

ಮಳೆ ನಿಂತಿತು. ಮುಂದಿನ ಚಪ್ಪರ ಬಿಚ್ಚಿ ನಾನು ಚಹಾಕ್ಕೆ ನೀರಿಟ್ಟೆ. ಅಮ್ಮ ತನ್ನ ಕುರ್ಚಿಯನ್ನು ತಾನೇ ಎತ್ತಿ ತಂದು, ವರ್ಷಾ ವರ್ಷಾ ಇಡುವ ಹಾಗೆ, ಬಾಗಿಲಿನ ನೇರಕ್ಕೆ ಇಟ್ಟು ಕೂತಳು. ಅವಳ ಎದುರಿಗೆ, ಎರಡು ಮಾರು ದೂರದಲ್ಲಿ, ದೀಪದ ಬೆಳಕಿಗೆ ಹೊಳೆಯುವ, ಸುಣ್ಣ ಬಳಿದ ಶೌಚಾಲಯದ ಗೋಡೆ. ಅಪ್ಪ ತನ್ನ ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡ. ಇಬ್ಬರೂ ಗೋಡೆ ನೋಡುತ್ತ ಕೂತರು.

"ಮೋಡ ಜಾಸ್ತಿ ಇದೆ ಅಲ್ವಾ? ಎಲ್ಲ ಬೆಳ್ಳಗೆ ಕಾಣ್ತಿದೆ."

"ಹೂಂ, ಮೋಡ."

"ದೋಣಿ ಏನಾದ್ರೂ?"

ಟವೆಲ್ ಸುತ್ತಿಕೊಂಡ ದಪ್ಪ ಮನುಷ್ಯನೊಬ್ಬ ಹಲ್ಲುಜ್ಜುತ್ತ ಹೊರಬಂದು, ಇವರಿಬ್ಬರೂ ತನ್ನನ್ನೇ ನೋಡುತ್ತಿರುವುದು ಕಂಡು ತಬ್ಬಿಬ್ಬಾಗಿ ಒಳಗೆ ಹೋದ.

"ಒಂದು ಬಂತು. ಸಣ್ಣದು. ಹೋಯ್ತು" ಎಂದ ಅಪ್ಪ.

ನಾನು ಅವರಿಗೆ ಬೆನ್ನು ಹಾಕಿ ಕೆಟಲಿನ ಮುಂದೆ ನಿಂತೆ. ಆಗ ಗೋಡೆಯ ಆಚೆ ನೀರು ಬಿಟ್ಟ ಸದ್ದು ಧೋ ಎಂದಿತು. ಮತ್ತೊಂದು ಸಲ ಧೋ ಎಂದಿತು.

"ನೆವ್" ಎಂದಳು ಅಮ್ಮ. "ಇಷ್ಟು ವರ್ಷ ಬಂದಿದೀನಿ. ಸಮುದ್ರ ಫ್ಲಶ್ ಮಾಡಿದ್ದು ಇದೇ ಮೊದ್ಲು ಕೇಳಿದ್ದು."

ಅಪ್ಪ ಕುರ್ಚಿಯನ್ನು ಅವಳ ಹತ್ತಿರ ಎಳೆದ.

"ಗಾಳಿ..." ಎಂದ.

"ಗಾಳಿಯೂ ಇಲ್ಲ, ಗೀಳಿಯೂ ಇಲ್ಲ. ಎಷ್ಟು ದಿನದಿಂದ ಗೊತ್ತು ನಿಂಗೆ?"

"ನೀನು ಚಹಾಕ್ಕೆ ಉಪ್ಪು ಹಾಕಿದ್ದೆಯಲ್ಲ, ಅವತ್ತಿಂದ."

"ಕುಡ್ದೆಯಲ್ಲ ಅದನ್ನ!"

"ಕುಡ್ದೆ. ಇನ್ನೊಂದು ಕೊಡ್ಲಾ ಅಂದೆ ನೀನು. ಅದನ್ನೂ ಕುಡ್ದೆ."

ನಗುತ್ತಾಳೆಂದುಕೊಂಡೆ. ನಗಲಿಲ್ಲ. "ಆ ಹಳದಿ? ಬಸ್ ತಂಗುದಾಣ ಅಲ್ಲ ಅದು ಅಂತ ಗೊತ್ತಿತ್ತಾ?"

"ಕಸದ ತೊಟ್ಟಿ."

"ಗೊತ್ತಿದ್ದೂ ತಿರುಗಿಸ್ದೆ." ಅಮ್ಮ ಕುರ್ಚಿಯ ಕೈ ಹಿಡಿದು ಎದ್ದಳು. "ನನ್ನ ಕಣ್ಣು ಹೋಗಿತ್ತು ನೆವಿಲ್. ನಿನ್ನ ಬಾಯಿಗೇನಾಗಿತ್ತು? ಒಂದು ಮಾತು. 'ಇದಲ್ಲ ವ್ಯಾಲ್, ಇನ್ನೂ ಮುಂದೆ' ಅಂದಿದ್ರೆ ಆಗ್ತಿತ್ತು. ನಾನೇನು ಸಾಯ್ತಿದ್ನಾ? ನಂಗೆ ಬೇಕಾಗಿದ್ದು ಒಂದೇ ಒಂದು, ಆ ಬಾಗ್ಲು, ಆ ಸಮುದ್ರ. ಅದನ್ನ ಕಳೆದು ಬಂದು ಇಲ್ಲಿ ಕಕ್ಕಸು ಗೋಡೆ ಮುಂದೆ ಕೂರ್ಸಿ ದೋಣಿ ತೋರಿಸ್ತೀಯಾ!" ನನ್ನ ಕಡೆಗೂ ತಿರುಗಿದಳು. "ನೀನೂ ಅಷ್ಟೇ. ಅಪ್ಪನ ಮಗಳು!"

"ನೀನೇ ಹೇಳಬೇಡ ಅಂದಿದ್ದೆಯಲ್ಲಮ್ಮ!" ಎಂದೆ. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಯಾರೂ ಗಮನಿಸಲಿಲ್ಲ.

ಅಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ: "ನಿನ್ನ ಕೈ ನೋಡದೆ ಬಂದ ದಿನ ನೀನು ಎದ್ದು ಹೋದೆ, ವ್ಯಾಲ್. ಕತ್ತಲಾಗೋ ತನಕ ದಂಡೆಯೆಲ್ಲ ಹುಡುಕ್ದೆ. ಹೆಸರು ಹಿಡಿದು ಕೂಗ್ದೆ. ಅಲೆ ನಿನ್ನ ಎಳ್ಕೊಂಡು ಹೋಯ್ತು ಅಂತ ಮೊಣಕಾಲುದ್ದ ನೀರಿಗೂ ಇಳಿದೆ. ಇನ್ನೊಂದ್ಸಲ ಅಂಥ ಸಂಜೆ ನನ್ನ ಕೈಲಾಗಲ್ಲ."

ಅಮ್ಮ ಅವನ ದನಿಯ ಕಡೆಗೆ ತಿರುಗಿದಳು.

"ಅಯ್ಯೋ ಪೆದ್ದ" ಎಂದಳು. "ನಾನವತ್ತು ಪಬ್ಬಲ್ಲಿ ಕೂತಿದ್ದೆ ಕಣೋ. ಬಿಸಿ ಚಿಪ್ಸ್ ತಿಂತಾ."

ಅಪ್ಪ ತಲೆಯೆತ್ತಿ ಅವಳನ್ನು ನೋಡಿದ. ಒಂದು ಇಡೀ ಬಾಳಿನ ರಿವರ್ಸ್ ಅವನ ಕಣ್ಣ ಮುಂದೆ ಹಾದುಹೋಗಿರಬೇಕು. ಇಷ್ಟು ವರ್ಷ, ಇಷ್ಟು ಗೇಟು, ಇಷ್ಟು ನಲ್ಲಿ, ಎಲ್ಲ ಒಂದು ತಟ್ಟೆ ಚಿಪ್ಸಿನಿಂದ. ಅವನ ಮುಖದಲ್ಲಿ ಬಂದದ್ದು ಸಿಟ್ಟೋ 'ಬದುಕಿದೆ' ಎನ್ನುವ ಸಮಾಧಾನವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದ.

"ನೀನು ಅಷ್ಟು ಚೆನ್ನಾಗಿ ನನ್ನ ಕೈ ನೋಡೋಕೆ ಶುರು ಮಾಡಿದ್ಯಲ್ಲ. ಯಾರು ಹೇಳ್ತಾರೆ?" ಎಂದು ಅಮ್ಮ ಮುಖ ಒರೆಸಿಕೊಂಡಳು. "ಏಳು. ಸಮುದ್ರ ಎಲ್ಲಿದೆ ನಡಿ. ಆ ಟಿವಿ ತಟ್ಟೆಯವರ ಮುಂದೆ ಹೋಗಿ ನಿಲ್ತೀನಿ. ಏನ್ ಮಾಡ್ಕೋತಾರೋ ನೋಡ್ತೀನಿ."

ಅಪ್ಪ ಎದ್ದ. ಕೈ ಹಿಡಿಯಲು ಹೋದ, ಅವಳು ಕೊಡವಿದಳು. ಇನ್ನೂ ಸಿಟ್ಟು ಇಳಿದಿರಲಿಲ್ಲ. ಕೊನೆಗೆ ಅವನು ಅವಳ ಮುಂದೆ ನಿಂತು, ಅವಳ ಕಡೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಹಾಕತೊಡಗಿದ.

"ಬಾ, ಇನ್ನೂ ಬಾ. ಸ್ವಲ್ಪ ಬಲಕ್ಕೆ. ಬಾ."

"ಕೂಗಬೇಡ. ನಾನೇನು ಲಾರೀನಾ?"

"ನಿಲ್ಲು! ಡೇರೆ ಹಗ್ಗ."

ಅಮ್ಮ ಗಕ್ಕನೆ ನಿಂತಳು. "ನೋಡು" ಎಂದಳು. "ಹೇಳೋದು ಅಂದ್ರೆ ಹೀಗೆ. ಇಷ್ಟೇ ಇದ್ದದ್ದು."

ಕ್ಯಾರವಾನ್‌ಗಳ ನಡುವಿನಿಂದ ಇಬ್ಬರೂ ಜಗಳವಾಡುತ್ತ ಹೋದರು. ಬಿಯರ್ ಹಿಡಿದು ಕೂತವರು ಕುರ್ಚಿ ಸರಿಸಿ ದಾರಿ ಬಿಟ್ಟರು. ಈ ಸಲ ಯಾರೂ ನಗಲಿಲ್ಲ. ಪೈನ್ ಮರದ ಹತ್ತಿರ ಅಪ್ಪನ ದನಿ ಇನ್ನೂ ಕೇಳುತ್ತಿತ್ತು, ಬಾ, ಬಾ, ಮರಳು ಬಂತು, ಕಾಲು ಮೇಲೆತ್ತು.

ಚಹಾ ಆರುತ್ತಿತ್ತು. ವಾಪಸು ಬಂದಾಗ ಮತ್ತೆ ಗೋಡೆಗೆ ಮುಖ ಮಾಡಿ ಕೂರುವುದು ಬೇಡವೆಂದು ನಾನು ಎರಡೂ ಕುರ್ಚಿಗಳನ್ನು ಎತ್ತಿ ಸಮುದ್ರದ ದಿಕ್ಕಿಗೆ ತಿರುಗಿಸಿಟ್ಟೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಬಾಟಲಿ ಡಬ್ಬಿ ಕಾಣುತ್ತದೆ. ಅಷ್ಟನ್ನು ಅಮ್ಮನಿಗೆ ಅಪ್ಪನೇ ಬಾಯಿಬಿಟ್ಟು ಹೇಳಲಿ.